ಸೂಜಿ–ದಾರ: ಕೋಟು ಜರ್ಮನ್ನರದ್ದು, ಅಳತೆ ಸರ್ಕಾರದ್ದು

ಕಳೆದ ತಿಂಗಳು ಇಲ್ಲಿ ಬ್ಲೌಸಿನ ತೋಳು ಕೂರಿಸುವ ಬಗ್ಗೆ ಬರೆಯುತ್ತಾ, ಮಾತಿಗೆ ಮಾತು ಬಂದು, ಬರ್ಲಿನ್‌ನಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆ ಅಂತ ಒಂದು ಸಾಲು ಸೇರಿಸಿದ್ದೆ. ಮೂವತ್ತೊಂದು ವರ್ಷ ಹೊಲಿಗೆ ಟೀಚರ್ ಆಗಿ ಕಲಿತದ್ದನ್ನೆಲ್ಲ ಬರೆದಾಗಲೂ ಇಷ್ಟು ಪತ್ರ ಬಂದಿರಲಿಲ್ಲ. ಈ ಸಲ ಬ್ಲೌಸಿಗೆ ರಜೆ. ಹಾಸನದಲ್ಲಿ ಬೆಳಗ್ಗೆಯಿಂದ ಜಡಿ ಮಳೆ, ಕರೆಂಟೂ ಇಲ್ಲ. ಕೂತು ಬರೆಯುತ್ತೇನೆ.

ಪ್ರಶ್ನೆ: ಟೀಚರ್, ಜರ್ಮನಿ ಅಂದರೆ ಫೋಟೋದಲ್ಲಿ ಗಂಡಸರಿಗೆ ಚರ್ಮದ ಚಡ್ಡಿ, ಹೆಂಗಸರಿಗೆ ಬಿಗಿ ರವಿಕೆ, ನೆರಿಗೆ ಲಂಗ, ಏಪ್ರನ್. ಇದು ಅವರ ಸಾವಿರಾರು ವರ್ಷದ ಉಡುಪೇ?
— ನಿವೃತ್ತ ಮೇಷ್ಟ್ರು, ಬೇಲೂರು

ಉತ್ತರ: ಅಲ್ಲ ಮೇಷ್ಟ್ರೇ. ನಿಮ್ಮೂರ ಗುಡಿಯ ಮದನಿಕೆಯರನ್ನು ನೋಡಿ, ಹಿಂದೆ ಬೇಲೂರಿನ ಹೆಂಗಸರು ಇಷ್ಟೆಲ್ಲ ಒಡವೆ ಹಾಕಿಕೊಂಡೇ ನೀರಿಗೆ ಹೋಗುತ್ತಿದ್ದರು ಅಂತ ಯಾರಾದರೂ ತಿಳಿದರೆ ಹೇಗೋ, ಇದೂ ಹಾಗೆ.

ಅದು ಇಡೀ ಜರ್ಮನಿಯ ಬಟ್ಟೆಯೂ ಅಲ್ಲ. ದಕ್ಷಿಣದ ಬವೇರಿಯಾ, ಆಸ್ಟ್ರಿಯಾ ಕಡೆಯ ಗುಡ್ಡಗಾಡಿನದ್ದು. ಉತ್ತರದ ಹ್ಯಾಂಬರ್ಗಿನವನಿಗೆ ಅದನ್ನು ತೊಡಿಸುವುದು ಬೀದರಿನವನಿಗೆ ಕೊಡವರ ಕುಪ್ಯ ಹಾಕಿಸಿದ ಹಾಗೆ. ಚರ್ಮದ ಚಡ್ಡಿ, ಅಂದರೆ ಲೇಡರ್‌ಹೋಸೆನ್, ಬೇಟೆಗಾರರ ಮತ್ತು ಕಾಡಿನಲ್ಲಿ ಮರ ಕಡಿಯುವವರ ಕೆಲಸದ ಬಟ್ಟೆ. ಉದ್ದ ಪ್ಯಾಂಟು ಬಂದ ಮೇಲೆ ಹಳ್ಳಿಯವರೇ ಅದನ್ನು ಮೂಲೆಗೆ ಎಸೆದಿದ್ದರು. 1883ರಲ್ಲಿ ಬೈರಿಷ್‌ಟ್ಸೆಲ್ ಎಂಬ ಊರಿನ ಯೋಸೆಫ್ ಫೋಗ್ಲ್ ಗೆಳೆಯರನ್ನು ಸೇರಿಸಿಕೊಂಡು ಅದನ್ನು ಉಳಿಸಲು ಸಂಘ ಕಟ್ಟಿದರು. ಅವರೂ ಸ್ಕೂಲ್ ಮೇಷ್ಟ್ರೇ, ನೋಡಿ! ಬವೇರಿಯಾದ ರಾಜಮನೆತನಕ್ಕೂ ಇಂಥದ್ದು ಬೇಕಿತ್ತು. 1871ರಲ್ಲಿ ಉತ್ತರದ ಪ್ರಷ್ಯ ರಾಜ್ಯದ ಹಿರೇತನದಲ್ಲಿ ಜರ್ಮನಿ ಒಂದಾಗಿತ್ತು. ನಾವು ಬೇರೆ ಅಂತ ತೋರಿಸಲು ಚಡ್ಡಿಗಿಂತ ಅಗ್ಗದ ದಾರಿ ಯಾವುದಿದೆ? ಚರ್ಚಿನವರಿಗೆ ಮಾತ್ರ ಬರಿ ಮೊಣಕಾಲು ಹಿಡಿಸಲಿಲ್ಲ. 1913ರಲ್ಲೂ ಮ್ಯೂನಿಕ್‌ನ ಚರ್ಚ್ ಆಡಳಿತ ಅದನ್ನು ಅಸಭ್ಯ ಎಂದಿತ್ತು.

ಹೆಂಗಸರ ಬಟ್ಟೆಯ ಕಥೆ ಇನ್ನೂ ಬೇರೆ. ಅದಕ್ಕೆ ಡಿರ್ನ್‌ಡಲ್ ಅಂತ ಹೆಸರು. ಆ ಮಾತಿನ ಅರ್ಥ ಹುಡುಗಿ, ಕೆಲಸದ ಹುಡುಗಿ. ಪಟ್ಟಣದಿಂದ ಬೇಸಿಗೆಗೆ ಗುಡ್ಡಕ್ಕೆ ಬರುತ್ತಿದ್ದ ಸಿರಿವಂತ ಹೆಂಗಸರು ಅದನ್ನು ನೋಡಿ ಆಸೆಪಟ್ಟು ಒಳ್ಳೆ ಬಟ್ಟೆಯಲ್ಲಿ ಹೊಲಿಸಿಕೊಂಡರು. ಹೋಂಸ್ಟೇಗೆ ಬಂದ ಬೆಂಗಳೂರಿನವರು ತೋಟದ ಕೆಲಸದವರ ಥರ ತಲೆಗೆ ಬಟ್ಟೆ ಕಟ್ಟಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಹಾಗೆ. ಇದನ್ನು ಮ್ಯೂನಿಕ್‌ನಲ್ಲಿ ದೊಡ್ಡ ಫ್ಯಾಷನ್ ಮಾಡಿದವರು ಯೂಲಿಯಸ್ ಮತ್ತು ಮೋರಿಟ್ಸ್ ವಾಲಾಖ್ ಎಂಬ ಅಣ್ಣತಮ್ಮ. ಹುಟ್ಟಿದ್ದು ಉತ್ತರದ ಬೀಲೆಫೆಲ್ಡ್ ಕಡೆ, ಬವೇರಿಯಾದವರೇ ಅಲ್ಲ. ಯಹೂದಿಗಳು. 1910ರಲ್ಲಿ ಆಕ್ಟೋಬರ್‌ಫೆಸ್ಟ್ ಹಬ್ಬಕ್ಕೆ ನೂರು ವರ್ಷ ತುಂಬಿದಾಗ ಮೆರವಣಿಗೆಯ ಉಡುಪು ಇವರ ಅಂಗಡಿಯದ್ದು.

ಆಮೇಲೆ ನಾಜಿಗಳು ಬಂದರು. ಅಪ್ಪಟ ಜರ್ಮನ್ ರಕ್ತದ ಹೆಣ್ಣಿನ ಉಡುಪು ಅಂತ ಇದೇ ಡಿರ್ನ್‌ಡಲ್ ಅನ್ನು ಎತ್ತಿ ಮೆರೆಸಿದರು. ಆಸ್ಟ್ರಿಯಾವನ್ನು ಸೇರಿಸಿಕೊಂಡ 1938ರಲ್ಲಿ, ಸಾಲ್ಸ್‌ಬರ್ಗ್‌ನಲ್ಲಿ ಯಹೂದಿಗಳು ಡಿರ್ನ್‌ಡಲ್ ಆಗಲಿ ಚರ್ಮದ ಚಡ್ಡಿಯಾಗಲಿ ಹಾಕಬಾರದು ಅಂತ ಆಜ್ಞೆ ಬಂತು. ಅದೇ ವರ್ಷ ವಾಲಾಖ್ ಅಂಗಡಿ ಅವರ ಕೈ ತಪ್ಪಿತು. ಹೊಲಿದು ಊರಿಗೆಲ್ಲ ತೊಡಿಸಿದವನಿಗೇ ಅದು ನಿನ್ನದಲ್ಲ ಅಂದರೆ ಹೇಗಿರಬೇಡ? ಮೋರಿಟ್ಸ್ ಅಮೆರಿಕಕ್ಕೆ ಹೋದರು.

ಪ್ರಶ್ನೆ: ಹಿಂದೆ ಯುರೋಪಿನಲ್ಲಿ ಯಾರು ಯಾವ ಬಟ್ಟೆ ಹಾಕಬೇಕು ಅಂತ ಕಾನೂನು ಇತ್ತಂತೆ. ಜರ್ಮನಿಯಲ್ಲೂ ಇತ್ತಾ ಟೀಚರ್? ಸೆಮಿನಾರಿಗೆ ಬೇಕು.
— ಬಿ.ಎ. ವಿದ್ಯಾರ್ಥಿನಿ, ಸಕಲೇಶಪುರ

ಉತ್ತರ: ಇತ್ತು ಮಗಳೇ, ಬೇಕಾದಷ್ಟು. 1530ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಚಕ್ರವರ್ತಿ 5ನೇ ಚಾರ್ಲ್ಸ್ ಸಭೆ ಕರೆದಾಗ ಹೊರಟ ಕಟ್ಟಳೆಯಲ್ಲಿ, ರೈತ, ಕುಶಲಕರ್ಮಿ, ವ್ಯಾಪಾರಿ, ಶ್ರೀಮಂತ ಮನೆತನ, ಎಲ್ಲರೂ ತಮ್ಮ ತಮ್ಮ ಅಂತಸ್ತಿಗೆ ತಕ್ಕಂತೆ ಉಡಬೇಕು ಅಂತ ಇತ್ತು. ವೆಲ್ವೆಟ್, ರೇಷ್ಮೆ, ತುಪ್ಪುಳದ ಅಂಚು, ಎಲ್ಲಕ್ಕೂ ಲೆಕ್ಕ. ಎದುರಿಗೆ ಬಂದವನು ಯಾರು ಅಂತ ಬಟ್ಟೆಯಲ್ಲೇ ಗೊತ್ತಾಗಬೇಕು, ಅಷ್ಟೇ. ನಮ್ಮಲ್ಲಿ ಯಾರು ಚಪ್ಪಲಿ ಹಾಕಬಾರದು, ಯಾರು ಮೊಣಕಾಲಿನ ಕೆಳಗೆ ಪಂಚೆ ಇಳಿಸಬಾರದು ಅಂತ ಇತ್ತಲ್ಲ, ಅದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೆಮಿನಾರಿನಲ್ಲಿ ಈ ಮಾತನ್ನೂ ಹೇಳು.

ಇಂಥ ಕಟ್ಟಳೆಗಳಿಂದ ತಪ್ಪಿಸಿಕೊಂಡವರು ಬಾಡಿಗೆ ಸೈನಿಕರು. ಅವರ ಹೆಸರು ಲಾಂಡ್ಸ್‌ಕ್ನೆಖ್ಟ್. ಮೇಲಿನ ಬಟ್ಟೆಯನ್ನು ಉದ್ದಕ್ಕೆ ಸೀಳಿ, ಒಳಗಿನ ಬಣ್ಣದ ಬಟ್ಟೆಯನ್ನು ಆ ಸೀಳಿನಿಂದ ಉಬ್ಬಿ ಬರುವಂತೆ ಎಳೆಯುತ್ತಿದ್ದರು. ಒಂದು ಕಾಲು ಒಂದು ಬಣ್ಣ, ಇನ್ನೊಂದು ಕಾಲು ಇನ್ನೊಂದು. ಚಕ್ರವರ್ತಿ ಮ್ಯಾಕ್ಸಿಮಿಲಿಯನ್, ಪಾಪ, ಇವರ ಬದುಕೇ ಚಿಕ್ಕದು, ಅಷ್ಟಾದರೂ ಖುಷಿಪಡಲಿ ಅಂತ ಬಿಟ್ಟನಂತೆ. ಚೆನ್ನಾಗಿರುವ ಬಟ್ಟೆಗೆ ಕತ್ತರಿ ಹಾಕುವುದು ಅಂದರೆ ನನಗೆ ಜೀವ ಹೋದಂತೆ ಆಗುತ್ತದೆ. ಆದರೆ ಸೀಳಿನ ಅಂಚು ಎಳೆ ಬಿಡದಂತೆ ಅವರು ಮಡಚಿದ್ದಾರಲ್ಲ, ಆ ಕೈಗೆ ಕೈ ಮುಗಿಯಬೇಕು. ಕೊನೆಗೆ ಶ್ರೀಮಂತರೇ ಸೈನಿಕರನ್ನು ನೋಡಿ ಸೀಳಿಸಿಕೊಂಡರು. ಚಡ್ಡಿ ಎಷ್ಟು ಉಬ್ಬಿತು ಅಂದರೆ, 1555ರಲ್ಲಿ ಆಂಡ್ರೆಯಾಸ್ ಮುಸ್ಕುಲುಸ್ ಎಂಬ ಪಾದ್ರಿ ಆ ದೊಗಲೆ ಚಡ್ಡಿಯೊಳಗೆ ದೆವ್ವ ಇದೆ ಅಂತ ಉಪದೇಶವನ್ನೇ ಬರೆದ.

ನನಗೆ ಎಲ್ಲರಿಗಿಂತ ಇಷ್ಟವಾದವನು ಆಗ್ಸ್‌ಬರ್ಗ್‌ನ ಮಥೇಯಸ್ ಶ್ವಾರ್ತ್ಸ್. ರಾಜನಲ್ಲ, ಸೈನಿಕನಲ್ಲ. ಫುಗ್ಗರ್ ಎಂಬ ಭಾರಿ ಸಾಹುಕಾರರ ಮನೆಯ ಲೆಕ್ಕ ಬರೆಯುವವ. 1520ರಲ್ಲಿ, 23ನೇ ವಯಸ್ಸಿನಲ್ಲಿ, ತಾನು ತೊಟ್ಟ ಬಟ್ಟೆಗಳ ಚಿತ್ರ ಬರೆಸಲು ಶುರು ಮಾಡಿದ. 1560ರವರೆಗೆ 137 ಚಿತ್ರ. ಲೆಕ್ಕದವನ ಬುದ್ಧಿ, ಜಮಾ–ಖರ್ಚಿನ ಹಾಗೆ ಯಾವ ದಿನ, ಯಾವ ಬಟ್ಟೆ ಅಂತ ಟಿಪ್ಪಣಿ ಬೇರೆ. 1526ರಲ್ಲಿ ಬಟ್ಟೆಯೇ ಇಲ್ಲದೆ ಮುಂದಿನಿಂದ, ಹಿಂದಿನಿಂದ ಎರಡು ಚಿತ್ರ ಬರೆಸಿ, ದಪ್ಪ ಆಗಿಬಿಟ್ಟಿದ್ದೇನೆ ಅಂತ ಬರೆದುಕೊಂಡ. ಅಳತೆ ಕೊಡಲು ಬಂದು ಹೊಟ್ಟೆ ಒಳಗೆಳೆದುಕೊಳ್ಳುವ ಗಿರಾಕಿಗಳಿಗಿಂತ ಪ್ರಾಮಾಣಿಕ! ಆದರೆ ಸುಮ್ನೆ ಶೋಕಿಲಾಲ ಅಲ್ಲ. ಮೇಲೆ ಹೇಳಿದ 1530ರ ಸಭೆ ಅವನ ಊರಲ್ಲೇ ನಡೆದದ್ದು. ಊರು ಪ್ರೊಟೆಸ್ಟಂಟರ ಕಡೆ ವಾಲಿತ್ತು. ಚಕ್ರವರ್ತಿ ಕ್ಯಾಥೊಲಿಕ್, ಶ್ವಾರ್ತ್ಸ್‌ನ ಧಣಿಗಳೂ ಕ್ಯಾಥೊಲಿಕ್. ಇವನು ಮೈ ಇಳಿಸಿ, ಕೆಂಪು–ಹಳದಿ ಹೊಸ ಬಟ್ಟೆ ಹೊಲಿಸಿಕೊಂಡು ಚಕ್ರವರ್ತಿಯ ಕಣ್ಣಿಗೆ ಬೀಳುವಂತೆ ನಿಂತ. 1541ರಲ್ಲಿ ಕುಲೀನ ಪದವಿಯೂ ಸಿಕ್ಕಿತು. ಎಲೆಕ್ಷನ್ ಹತ್ತಿರ ಬಂದಾಗ ಶಾಲಿನ ಬಣ್ಣ ಬದಲಾಯಿಸುವವರನ್ನು ನಾವೂ ನೋಡಿದ್ದೇವೆ, ಅಲ್ವಾ?

ಪ್ರಶ್ನೆ: ಜರ್ಮನಿಯ ಬಾವುಟದ ಕಪ್ಪು–ಕೆಂಪು–ಬಂಗಾರದ ಬಣ್ಣ ಒಂದು ಯೂನಿಫಾರಂನಿಂದ ಬಂತು ಅನ್ನುತ್ತಾರೆ. ನಿಜವಾ?
— ಬಟ್ಟೆ ಅಂಗಡಿಯವರು, ಚಿಕ್ಕಮಗಳೂರು

ಉತ್ತರ: ಹೆಚ್ಚಿನವರು ಒಪ್ಪುವ ಕಥೆ ಅದೇ. 1813ರಲ್ಲಿ ನೆಪೋಲಿಯನ್ ವಿರುದ್ಧ ಲ್ಯೂಟ್ಸೋ ಎಂಬ ಅಧಿಕಾರಿ ಸ್ವಯಂಸೇವಕರ ಪಡೆ ಕಟ್ಟಿದ. ವಿದ್ಯಾರ್ಥಿಗಳು, ಕೈಕೆಲಸದವರು ಬಂದು ಸೇರಿದರು. ಯೂನಿಫಾರಂಗೆ ದುಡ್ಡಿಲ್ಲ. ಮನೆಯಿಂದ ಉಟ್ಟು ಬಂದ ಬಟ್ಟೆಗೇ ಬಣ್ಣ ಹಾಕಬೇಕು. ಒಬ್ಬನದು ನೀಲಿ, ಒಬ್ಬನದು ಕಂದು, ಒಬ್ಬನದು ಹಸಿರು. ಎಲ್ಲವನ್ನೂ ಒಂದೇ ಹಂಡೆಗೆ ಮುಳುಗಿಸಿದರೆ ಒಂದೇ ಥರ ಬರುವ ಬಣ್ಣ ಯಾವುದು? ಕಪ್ಪು. ನಿಮ್ಮ ಕಸುಬಿನವರಿಗೆ ಹೇಳಿಕೊಡಬೇಕಾ! ನಮ್ಮಮ್ಮ ಮಾಸಿದ ಲಂಗಗಳನ್ನೆಲ್ಲ ಅಯ್ಯಪ್ಪ ಮಾಲೆಯ ಹೊತ್ತಿಗೆ ಕಪ್ಪು ಪುಡಿ ತಂದು ಕುದಿಸಿ ಅಣ್ಣಂದಿರಿಗೆ ಪಂಚೆ, ಶರ್ಟು ಮಾಡುತ್ತಿದ್ದರು. ಅದೇ ಉಪಾಯ. ಕಪ್ಪಿನ ಮೇಲೆ ಕೆಂಪು ಅಂಚು, ಹಿತ್ತಾಳೆ ಗುಂಡಿ. ಯುದ್ಧ ಮುಗಿದ ಮೇಲೆ ವಿದ್ಯಾರ್ಥಿಗಳು ಈ ಬಣ್ಣಗಳನ್ನು ಕಾಲೇಜಿಗೆ ತಂದರು. 1832ರಲ್ಲಿ ಹಾಂಬಾಖ್ ಕೋಟೆಯ ದೊಡ್ಡ ಸಭೆಯಲ್ಲಿ ಹಾರಿದ್ದೂ ಇದೇ ಬಣ್ಣ.

ಅದೇ ಕಾಲದ ಇನ್ನೊಂದು ಬಟ್ಟೆ ಇದೆ. ಫ್ರೆಂಚರ ಫ್ಯಾಷನ್ ಬೇಡ, ನಮ್ಮದೇ ಬೇಕು ಅಂತ ಎರ್ನ್‌ಸ್ಟ್ ಮೋರಿಟ್ಸ್ ಆರ್ಂಟ್ ಎಂಬ ಬರಹಗಾರ 1814ರಲ್ಲಿ ವಾದ ಹೂಡಿದ. ಉದ್ದ ಕೋಟು, ಟೈ ಇಲ್ಲದೆ ಬಿಚ್ಚಿದ ಕಾಲರ್, ತಲೆಗೆ ಮೆತ್ತನೆ ವೆಲ್ವೆಟ್ ಟೋಪಿ. ಹಳೇ ಜರ್ಮನ್ ಉಡುಪು ಅಂತ ಹೆಸರು, ಹೊಲಿಗೆಯೆಲ್ಲ ಹೊಸದು. ದೇಶ ಒಂದಾಗಬೇಕು, ಜನರ ಮಾತು ನಡೆಯಬೇಕು ಅನ್ನುವ ಹುಡುಗರು ಅದನ್ನು ಹಾಕಿದರು. 1819ರಲ್ಲಿ ರಾಜರುಗಳೆಲ್ಲ ಸೇರಿ ಕಾರ್ಲ್ಸ್‌ಬಾಡ್‌ನಲ್ಲಿ ಬಿಗಿ ಕಾನೂನು ತಂದ ಮೇಲೆ ಆ ಕೋಟು ಪೊಲೀಸರ ಕಣ್ಣಿಗೆ ಅಪರಾಧವಾಯಿತು.

ಮಗಳು ನನ್ನನ್ನು ರೈಲಿನಲ್ಲಿ ಡ್ರೆಸ್ಡೆನ್‌ಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಕಾಸ್ಪರ್ ಡೇವಿಡ್ ಫ್ರೀಡ್ರಿಖ್ ಬರೆದ ಒಂದು ಚಿತ್ರ ಇದೆ, ಹೆಚ್ಚುಕಡಿಮೆ ಆ 1819ರದ್ದೇ. ಇಬ್ಬರು ನಮಗೆ ಬೆನ್ನು ಹಾಕಿ ಚಂದ್ರನನ್ನು ನೋಡುತ್ತಾ ನಿಂತಿದ್ದಾರೆ. ಎಲ್ಲರೂ ಚಂದ್ರನನ್ನು ನೋಡುತ್ತಿದ್ದರು. ನಾನು ಟೋಪಿ ನೋಡಿದೆ. ಅದೇ ವೆಲ್ವೆಟ್ ಟೋಪಿ! ಬೆನ್ನು ಹಾಕಿದ್ದರಿಂದ ಮುಖ ಯಾರದ್ದು ಅಂತಲೂ ಗೊತ್ತಾಗದು. ಜಾಣ.

ಪ್ರಶ್ನೆ: ಅಕ್ಕ, ನಾನು ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷದಿಂದ ಕಾಲರ್ ಕೂರಿಸುತ್ತಿದ್ದೇನೆ. ನಾವು ಹೊಲಿದದ್ದೆಲ್ಲ ಹೊರದೇಶಕ್ಕೆ ಹೋಗುತ್ತದೆ. ಹಿಂದೆ ಜರ್ಮನಿಯಲ್ಲಿ ನಮ್ಮಂಥವರು ಇದ್ದರಾ?
— ಹಾಸನ

ಉತ್ತರ: ಇದ್ದರು ಕಣಮ್ಮ, ಸಾವಿರ ಸಾವಿರ. ಬೆಳಗ್ಗೆ ಡಬ್ಬಿ ಹಿಡಿದು ನಿಮ್ಮ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳನ್ನು ನೋಡಿದಾಗೆಲ್ಲ ಈಗ ನನಗೆ ಬರ್ಲಿನ್‌ನ ಒಂದು ಚೌಕ ನೆನಪಾಗುತ್ತದೆ. ಹೌಸ್‌ಫೋಗ್ಟೈಪ್ಲಾಟ್ಸ್ ಅಂತ. ಹೆಸರು ಬಾಯಿಗೆ ಬರಲು ನನಗೆ ಒಂದು ವಾರ ಬೇಕಾಯಿತು.

1830ರ ದಶಕದಿಂದ ಅಲ್ಲಿ ಸಿದ್ಧ ಉಡುಪಿನ ವ್ಯಾಪಾರ ಬೆಳೆಯಿತು. ಅದಕ್ಕೂ ಮುಂಚೆ ಬಟ್ಟೆ ಅಂದರೆ ದರ್ಜಿಗೆ ಅಳತೆ ಕೊಟ್ಟು ಕಾಯಬೇಕು. ಹೆರ್ಮಾನ್ ಗೆರ್ಸೋನ್, ವಾಲೆಂಟಿನ್ ಮಾನ್‌ಹೈಮರ್ ಮುಂತಾದ ಯಹೂದಿ ವ್ಯಾಪಾರಿಗಳು ಹೆಂಗಸರ ಕೋಟುಗಳನ್ನು ಹಲವು ಅಳತೆಯಲ್ಲಿ ಮೊದಲೇ ಹೊಲಿಸಿ ನೇತುಹಾಕಿದರು. ಪ್ಯಾರಿಸ್‌ಗೆ ಹೋಗಿ ಹೊಸ ಮಾದರಿ ನೋಡಿಕೊಂಡು ಬಂದು, ಸಾಮಾನ್ಯರ ಕೈಗೆಟುಕುವಂತೆ ಮಾಡುವುದು ಅವರ ಜಾಣ್ಮೆ. ಅಂಗಡಿಯವ ಕತ್ತರಿಸಿದ ಬಟ್ಟೆಯ ಗಂಟನ್ನು ಮಧ್ಯದ ಒಬ್ಬ ಮೇಸ್ತ್ರಿಗೆ ಕೊಡುವನು, ಮೇಸ್ತ್ರಿ ಮನೆ ಮನೆಯ ಹೆಂಗಸರಿಗೆ ಹಂಚುವನು. ಪೀಸಿಗೆ ಇಷ್ಟು. ಅಡುಗೆಮನೆಯಲ್ಲೇ ಮೆಷಿನ್, ಪಕ್ಕದಲ್ಲೇ ತೊಟ್ಟಿಲು. ಮೇಸ್ತ್ರಿ ಎಷ್ಟು ಹಿಡಿದುಕೊಳ್ಳುತ್ತಿದ್ದ ಅಂತ ನನಗಿಂತ ನಿನಗೆ ಬೇಗ ಅಂದಾಜು ಸಿಗುತ್ತದೆ. 1920ರ ದಶಕದಲ್ಲಿ ಬರ್ಲಿನ್‌ನ ಕೋಟು, ಗೌನು ಯುರೋಪಿನಾದ್ಯಂತ ಹೋಗುತ್ತಿತ್ತು.

1933ರಲ್ಲಿ ಹಿಟ್ಲರ್ ಬಂದ. ಏಪ್ರಿಲ್ 1ರಂದು ಯಹೂದಿ ಅಂಗಡಿಗಳ ಬಹಿಷ್ಕಾರ. ಮೇ ತಿಂಗಳಲ್ಲಿ ಆಡೆಫಾ ಅಂತ ಒಂದು ಸಂಘ ಹುಟ್ಟಿತು. ಅದರ ಕೆಲಸ ಒಂದೇ, ಬಟ್ಟೆ ಕಸುಬಿನಿಂದ ಯಹೂದಿಗಳನ್ನು ಹೊರಹಾಕುವುದು. ಕಾಲರಿನ ಹಿಂದೆ ನೀನು ಲೇಬಲ್ ಹೊಲಿಯುತ್ತೀಯಲ್ಲ, ಅದೇ ಜಾಗದಲ್ಲಿ, ಇದು ಆರ್ಯರ ಕೈಯಿಂದ ಬಂದದ್ದು ಅಂತ ಲೇಬಲ್ ಬಂತು. ಇತ್ತ ಹೊಸ ಜರ್ಮನ್ ಫ್ಯಾಷನ್ ಕಚೇರಿಗೆ ಪ್ರಚಾರ ಮಂತ್ರಿ ಗೋಬೆಲ್ಸ್‌ನ ಹೆಂಡತಿ ಮಾಗ್ಡಾ ಗೌರವಾಧ್ಯಕ್ಷೆ. ಭಾಷಣದಲ್ಲಿ ಜಡೆ, ಏಪ್ರನ್, ತುಟಿಗೆ ಬಣ್ಣ ಬೇಡ. ಬೀದಿಯಲ್ಲಿ ಮಾತ್ರ ಹೆಂಗಸರು ಪ್ಯಾರಿಸ್, ಹಾಲಿವುಡ್ ನೋಡಿಯೇ ಉಟ್ಟರು. ನಾಜಿ ದೊಡ್ಡವರ ಹೆಂಡತಿಯರೂ ಯಹೂದಿ ದರ್ಜಿಗಳ ಕೈಚಳಕ ಬಿಡಲು ಒಲ್ಲದೆ ಅಲ್ಲೇ ಹೊಲಿಸಿಕೊಳ್ಳುತ್ತಿದ್ದರು. 1938ರ ನವೆಂಬರ್‌ನಲ್ಲಿ ಯಹೂದಿ ಅಂಗಡಿಗಳ ಗಾಜು ಒಡೆದರು. ಅಂಗಡಿಗಳು ಕವಡೆ ಕಾಸಿಗೆ ಬೇರೆಯವರ ಪಾಲಾದವು. 1939ರ ಆಗಸ್ಟ್‌ನಲ್ಲಿ ಆಡೆಫಾ ತನ್ನನ್ನೇ ವಿಸರ್ಜಿಸಿಕೊಂಡಿತು, ಕೆಲಸ ಮುಗಿಯಿತು ಅಂತ. 1941ರ ಸೆಪ್ಟೆಂಬರ್‌ನಿಂದ ಆರು ವರ್ಷ ದಾಟಿದ ಪ್ರತಿ ಯಹೂದಿಯ ಎದೆಯ ಮೇಲೆ ಹಳದಿ ನಕ್ಷತ್ರ. ಅದನ್ನು ಅವರವರೇ ಗಟ್ಟಿಯಾಗಿ ಹೊಲಿದುಕೊಳ್ಳಬೇಕು.

ಇನ್ನೊಂದು ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಆಶ್ವಿಟ್ಸ್ ಸಾವಿನ ಶಿಬಿರದಲ್ಲಿ ಅಧಿಕಾರಿಯ ಹೆಂಡತಿ ಹೆಡ್ವಿಗ್ ಹೋಸ್ ಒಂದು ಹೊಲಿಗೆ ಕೋಣೆ ಮಾಡಿಸಿದ್ದಳು. ಕೈದಿ ಹೆಂಗಸರು, ಬಹುಪಾಲು ಯಹೂದಿಗಳು, ಅಲ್ಲಿ ಕೂತು ನಾಜಿ ಅಧಿಕಾರಿಗಳ ಹೆಂಡತಿಯರಿಗೆ ಗೌನು ಹೊಲಿದರು. ಕೈಯಲ್ಲಿದ್ದ ಸೂಜಿಯೇ ಹಲವರ ಜೀವ ಉಳಿಸಿತು.

ಈಗ ಆ ಚೌಕದಲ್ಲಿ, ನೆಲದಡಿ ರೈಲಿನ ಮೆಟ್ಟಿಲುಗಳ ಮೇಲೆ ಹಳೇ ಬಟ್ಟೆ ಕಂಪನಿಗಳ ಹೆಸರು ಕೂರಿಸಿದ್ದಾರೆ. ಹತ್ತುತ್ತಾ ಒಂದೊಂದೇ ಓದಬೇಕು. ಮೇಲೆ ಬಂದರೆ ಎತ್ತರದ ಮೂರು ಕನ್ನಡಿ, ಟ್ರಯಲ್ ರೂಮಿನಲ್ಲಿ ಇರುತ್ತದಲ್ಲ, ಹಾಗೆ. ಮೈಸೂರು ಸಿಲ್ಕ್ ಮೇಲೆ ಸ್ವೆಟರ್, ಕಾಲಿಗೆ ಮಗಳ ಬೂಟು, ನಾನು ಮೂರು ಕಡೆಯಿಂದ ಕಂಡೆ. ಬೆನ್ನಿನ ಕಡೆ ಸ್ವೆಟರ್ ಎತ್ತಿಕೊಂಡಿತ್ತು. ಸರಿ ಮಾಡಿಕೊಳ್ಳಲು ಕೈ ಎತ್ತಿದೆ, ಆಮೇಲೆ ಯಾಕೋ ಬೇಡ ಅನ್ನಿಸಿತು.

ಪ್ರಶ್ನೆ: ಹಿಟ್ಲರ್ ಸೈನ್ಯದ ಬಟ್ಟೆ ಹೊಲಿದದ್ದು ಹ್ಯೂಗೋ ಬಾಸ್ ಅಂತೆ, ಹೌದಾ?
— ಚನ್ನರಾಯಪಟ್ಟಣ

ಉತ್ತರ: ಹೊಲಿದವರಲ್ಲಿ ಒಬ್ಬರು, ಹೌದು. ಮೆಟ್ಸಿಂಗೆನ್ ಊರಿನ ಆ ಕಾರ್ಖಾನೆಯ ಮಾಲೀಕ 1931ರಲ್ಲೇ ನಾಜಿ ಪಕ್ಷ ಸೇರಿದ್ದ. ಯುದ್ಧದಲ್ಲಿ ಬಲವಂತದ ಕೂಲಿಗಳನ್ನೂ ದುಡಿಸಿಕೊಂಡ. ಆದರೆ ಎಸ್‌ಎಸ್ ಎಂಬ ನಾಜಿ ಪಡೆಯ ಕಪ್ಪು ಯೂನಿಫಾರಂ ಅವನು ರೂಪಿಸಿದ್ದಲ್ಲ. ಅದು ಕಾರ್ಲ್ ಡೀಬಿಚ್ ಮತ್ತು ವಾಲ್ಟರ್ ಹೆಕ್ ಅವರದ್ದು. 2011ರಲ್ಲಿ ಕಂಪನಿ ಕ್ಷಮೆ ಕೇಳಿತು.

ಪ್ರಶ್ನೆ: ಯುದ್ಧದ ಕಾಲದಲ್ಲಿ ನಮ್ಮಲ್ಲಿ ಬಟ್ಟೆಗೂ ರೇಷನ್ ಇತ್ತು ಅಂತ ಅಜ್ಜಿ ಹೇಳುತ್ತಿದ್ದರು. ಅಲ್ಲೂ ಹಾಗೇನಾ?
— ಅರಸೀಕೆರೆ

ಉತ್ತರ: ಹಾಗೇ. 1939ರ ನವೆಂಬರ್‌ನಲ್ಲಿ ಬಟ್ಟೆ ಕಾರ್ಡ್ ಬಂತು, ಒಬ್ಬರಿಗೆ 100 ಪಾಯಿಂಟ್. ಒಂದು ಜೊತೆ ಕಾಲುಚೀಲಕ್ಕೆ 4, ಸ್ವೆಟರಿಗೆ 25, ಹೆಂಗಸರ ಕೋಟು–ಸ್ಕರ್ಟ್ ಜೋಡಿಗೆ 45. ಅಲ್ಲಿಗೆ ವರ್ಷದ ಕಥೆ ಮುಗಿಯಿತು. ಯಹೂದಿಗಳಿಗೆ ಕಾರ್ಡೇ ಇಲ್ಲ. ಹಿಂದಿನ ಮಹಾಯುದ್ಧದಲ್ಲಿ ಬ್ರಿಟಿಷರು ಸಮುದ್ರ ಕಟ್ಟಿದ್ದರಿಂದ ಹತ್ತಿ ಬರದೆ, ಕಾಗದದ ನೂಲಿನಿಂದ ಬಟ್ಟೆ ನೇಯ್ದವರು ಇವರು. ಸೋತ ಮೇಲೆ 1945ರಲ್ಲಿ ಪ್ಯಾರಾಚೂಟ್ ಬಟ್ಟೆಯ ಬ್ಲೌಸ್, ಸೈನಿಕರ ಕಂಬಳಿಯ ಕೋಟು. ನಾಜಿ ಬಾವುಟದ ಸ್ವಸ್ತಿಕ ಬಿಚ್ಚಿ ಉಳಿದ ಕೆಂಪು ಬಟ್ಟೆಯಲ್ಲಿ ಮಕ್ಕಳಿಗೆ ಲಂಗ. ಒಳ್ಳೆ ಗಟ್ಟಿ ಬಟ್ಟೆ, ಯಾಕೆ ಬಿಸಾಡಬೇಕು ಹೇಳಿ!

ಪ್ರಶ್ನೆ: ಬರ್ಲಿನ್ ಗೋಡೆಯ ಆಚೆ, ಕಮ್ಯುನಿಸ್ಟರ ಪೂರ್ವ ಜರ್ಮನಿಯಲ್ಲಿ ಎಲ್ಲರೂ ಒಂದೇ ಥರ ಉಡುತ್ತಿದ್ದರೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಉಡಿಸುವ ಆಸೆ ಇತ್ತೇನೋ. 1952ರಲ್ಲಿ ಸರ್ಕಾರ ಫ್ಯಾಷನ್‌ಗೇ ಒಂದು ಸಂಸ್ಥೆ ಮಾಡಿತು. ಮುಂದಿನ ವರ್ಷ ಯಾವ ತೋಳು, ಯಾವ ಉದ್ದ ಅಂತ ಅಲ್ಲಿ ಯೋಜನೆ ಆಗುತ್ತಿತ್ತು. ಕಾರ್ಖಾನೆಯಿಂದ ಬಟ್ಟೆ ಅಂಗಡಿಗೆ ಬರುವಷ್ಟರಲ್ಲಿ ಆ ತೋಳು ಹಳತಾಗಿರುತ್ತಿತ್ತು. ನೈಲಾನ್ ಜಾತಿಯ ನೂಲಿಗೆ ದೇಶದ ಹೆಸರಿನ ಅಕ್ಷರ ಡಿ-ಡಿ-ಆರ್ ಸೇರಿಸಿ ಡೆಡೆರಾನ್ ಅಂತ ಹೆಸರಿಟ್ಟರು. ಹೂವಿನ ಡೆಡೆರಾನ್ ಏಪ್ರನ್ ಇಲ್ಲದ ಮನೆ ಇರಲಿಲ್ಲ. ಚೆನ್ನಾಗಿರುವುದು ಬೇಕಾದರೆ 1962ರಿಂದ ಎಕ್ಸ್‌ಕ್ವಿಸಿಟ್ ಅಂತ ಸರ್ಕಾರದ್ದೇ ದುಬಾರಿ ಅಂಗಡಿ. ಸಮಾನತೆಯ ದೇಶದಲ್ಲಿ!

ಹೆಂಗಸರು ಏನು ಮಾಡಿದರು ಗೊತ್ತಾ? ಹೊಲಿದುಕೊಂಡರು. 1956ರಲ್ಲಿ ಶುರುವಾದ ‘ಸಿಬಿಲೆ’ ಪತ್ರಿಕೆಯಲ್ಲಿ ಚೆಂದದ ಫೋಟೋ, ಜೊತೆಗೆ ಕತ್ತರಿಸುವ ಪ್ಯಾಟರ್ನ್. ಫೋಟೋದಲ್ಲಿದ್ದದ್ದು ಅಂಗಡಿಯಲ್ಲಿ ಸಿಗುವುದಿಲ್ಲ, ಆದ್ದರಿಂದ ಪರದೆ ಬಟ್ಟೆ, ಹಾಸಿಗೆ ಬಟ್ಟೆ, ಮಗುವಿನ ಲಂಗೋಟಿ ಬಟ್ಟೆಗೆ ಬಣ್ಣ ಹಾಕಿ ಹೊಲಿಯುವುದು. 1980ರ ದಶಕದಲ್ಲಿ ಬರ್ಲಿನ್‌ನ ತುಂಟ ಹುಡುಗರ ಒಂದು ಗುಂಪು ಸ್ಟ್ರಾಬೆರಿ ಹೊಲಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯಲ್ಲಿ ಗೌನು ಮಾಡಿ ಕದ್ದುಮುಚ್ಚಿ ಶೋ ನಡೆಸಿತು. ನಿಮ್ಮ ಕಣದಲ್ಲಿ ಕಾಫಿ ಒಣಗಿಸುವ ಟಾರ್ಪಾಲಿಗೆ ನೆರಿಗೆ ಹಿಡಿದ ಹಾಗೆ ಅಂದುಕೊಳ್ಳಿ.

ಜೀನ್ಸ್ ಬಗ್ಗೆ ಸರ್ಕಾರಕ್ಕೆ ಮೊದಮೊದಲು ಸಿಟ್ಟು, ಅಮೆರಿಕದ ಪ್ಯಾಂಟು ಅಂತ. ಹಾಕಿ ಬಂದ ಹುಡುಗರನ್ನು ಶಾಲೆಯಿಂದ ಮನೆಗೆ ಕಳಿಸಿದ್ದೂ ಉಂಟು. ಆಗಲಿಲ್ಲ. ತಮ್ಮದೇ ಜೀನ್ಸ್ ಹೊಲಿಸಿದರು, ಹುಡುಗರು ಮೂಗು ಮುರಿದರು. 1978ರಲ್ಲಿ ಸರ್ಕಾರವೇ ಅಮೆರಿಕದಿಂದ ಲೀವೈಸ್ ಜೀನ್ಸ್ ರಾಶಿಗಟ್ಟಲೆ ತರಿಸಿ ಮಾರಿತು. ನಮ್ಮ ಕಡೆಯವರಿಗೆ 1978 ಅಂದರೆ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿ ನಿಂತ ವರ್ಷ. ಆಗ ಅಪ್ಪನ ಅಂಗಡಿಯಲ್ಲಿ ಎರಡೂ ಪಕ್ಷದವರು ಖಾದಿ ಜುಬ್ಬಾ ಹೊಲಿಸಿದರು. ಅಳತೆ ಪುಸ್ತಕದಲ್ಲಿ ಅವರ ಹೆಸರುಗಳು ಒಂದರ ಕೆಳಗೆ ಒಂದು ಇದ್ದವು.

ಪ್ರಶ್ನೆ: ಅಲ್ಲಿನ ಪಾರ್ಲಿಮೆಂಟಿನಲ್ಲಿ ಹೆಂಗಸರು ಪ್ಯಾಂಟ್ ಹಾಕುವುದಕ್ಕೂ ಗಲಾಟೆ ಆಗಿತ್ತೇ?
— ಶಿಕ್ಷಕಿ, ತರೀಕೆರೆ

ಉತ್ತರ: ಪಶ್ಚಿಮ ಜರ್ಮನಿಯಲ್ಲಿ, 1970ರಲ್ಲಿ. ಸಭೆಯ ಉಪಾಧ್ಯಕ್ಷರೊಬ್ಬರು ಪ್ಯಾಂಟ್ ಹಾಕಿದ ಹೆಂಗಸನ್ನು ಒಳಗೆ ಬಿಡುವುದಿಲ್ಲ ಅಂದರಂತೆ. ಲೆನೆಲೊಟ್ಟೆ ಫೋನ್ ಬೋಟ್ಮರ್ ಎಂಬ ಸದಸ್ಯೆ ಪ್ಯಾಂಟ್–ಕೋಟ್ ಹಾಕಿಯೇ ಬಂದು, ಆ ಅಕ್ಟೋಬರ್‌ನಲ್ಲಿ ಅದರಲ್ಲೇ ಭಾಷಣ ಮಾಡಿದರು. ಆರು ಮಕ್ಕಳ ತಾಯಿ. ಮನೆಗೆ ಬೈಗುಳದ ಪತ್ರಗಳ ರಾಶಿ. ಆಮೇಲೆ 16 ವರ್ಷ ಚಾನ್ಸಲರ್ ಆಗಿದ್ದ ಆಂಗೆಲಾ ಮೆರ್ಕೆಲ್ ಪ್ಯಾಂಟ್ ಮೇಲೆ ಬಣ್ಣಬಣ್ಣದ ಕೋಟು ಹಾಕಿದ್ದೇ ಹಾಕಿದ್ದು, ಗುಂಡಿ ಮೂರೋ ನಾಲ್ಕೋ ಅನ್ನುವುದಷ್ಟೇ ಚರ್ಚೆ. ಗಂಡಸರಲ್ಲಿ ಯೋಷ್ಕಾ ಫಿಷರ್ 1985ರಲ್ಲಿ ಬಿಳಿ ಕ್ಯಾನ್ವಾಸ್ ಥರದ ಶೂ ಹಾಕಿ ಮಂತ್ರಿ ಪ್ರಮಾಣವಚನ ತೆಗೆದುಕೊಂಡು ಗದ್ದಲ ಎಬ್ಬಿಸಿದರು. ಆ ಶೂ ಈಗ ಮ್ಯೂಸಿಯಂನಲ್ಲಿದೆ.

ನಾನು ಚೂಡಿದಾರ್ ಹಾಕಿ ಮೊದಲ ಸಲ ಶಾಲೆಗೆ ಹೋದ ದಿನ ಹೆಡ್‌ಮಾಸ್ಟರು ಹಾಜರಿ ಪುಸ್ತಕ ಕೊಡಲಿಲ್ಲ. ಮಧ್ಯಾಹ್ನದವರೆಗೆ ಸ್ಟಾಫ್ ರೂಮಿನಲ್ಲಿ ಕೂರಿಸಿದರು. ಆ ಹೊತ್ತಿನಲ್ಲಿ ಅವರದೇ ಮೇಜಿನ ಬಟ್ಟೆಯ ಅಂಚು ಬಿಟ್ಟಿದ್ದನ್ನು ಹೊಲಿದಿಟ್ಟೆ. ಮಾತಿಲ್ಲದೆ ಪುಸ್ತಕ ಮುಂದೆ ತಳ್ಳಿದರು.

ಪ್ರಶ್ನೆ: ನಿಮ್ಮ ತಂದೆಯವರ ಜರ್ಮನ್ ಮೆಷಿನ್ ಇನ್ನೂ ಇದೆಯಾ ಟೀಚರ್? ಮಾರುವುದಾದರೆ ತಿಳಿಸಿ.
— ಟೈಲರ್, ಕಡೂರು

ಉತ್ತರ: ಮಾರುವುದಿಲ್ಲ! ಅದು ಪ್ಫಾಫ್, 1862ರಲ್ಲಿ ಕೈಸರ್ಸ್‌ಲೌಟರ್ನ್‌ನಲ್ಲಿ ಶುರುವಾದ ಕಂಪನಿಯದ್ದು. ಮೂಡಿಗೆರೆ ಕಡೆಯ ತೋಟದವರು ಹಳೇ ಸಾಮಾನು ಕೊಡುವಾಗ ಅಪ್ಪ ಕೊಂಡು, ಕಟ್ಟಿನಕೆರೆ ಮಾರುಕಟ್ಟೆ ಹತ್ತಿರದ ಅಂಗಡಿಗೆ ಎತ್ತಿನಗಾಡಿಯಲ್ಲಿ ತಂದದ್ದು. ಬರ್ಲಿನ್‌ನ ಭಾನುವಾರದ ಸಂತೆಯಲ್ಲಿ ಇದರ ದಾಯಾದಿಯನ್ನೂ ನೋಡಿದೆ, ವೆರಿಟಾಸ್ ಅಂತ. ವಿಟ್ಟೆನ್‌ಬೆರ್ಗೆ ಊರಲ್ಲಿ ಅಮೆರಿಕದ ಸಿಂಗರ್ ಕಂಪನಿ ಕಟ್ಟಿದ ಕಾರ್ಖಾನೆಯನ್ನು ಯುದ್ಧದ ಮೇಲೆ ಪೂರ್ವ ಜರ್ಮನಿ ಸರ್ಕಾರ ವಹಿಸಿಕೊಂಡು ಆ ಹೆಸರಿನಲ್ಲಿ ಮೆಷಿನ್ ಮಾಡಿತು. ದೇಶ ಒಂದಾದ ಮೇಲೆ ಮುಚ್ಚಿತು. ಸಂತೆಯವನು ಎಂಬತ್ತು ಯೂರೋ ಅಂದ. ಚಕ್ರ ತಿರುಗಿಸಿ ನೋಡಿದೆ, ಬೆಣ್ಣೆ. ವಿಮಾನದಲ್ಲಿ ಹೇಗೆ ತರುವುದು ಅಂತ ಮಗಳು ಕೈ ಹಿಡಿದು ಎಳೆದುಕೊಂಡು ಹೋದಳು.

ನಮ್ಮ ಪ್ಫಾಫ್‌ಗೆ ಮೊನ್ನೆ ಬೆಲ್ಟ್ ಕಿತ್ತಿತ್ತು, ಹೊಸದು ಹಾಕಿಸಿದ್ದೇನೆ. ಈಗ ಅದರ ಮೇಲೆ ಮೊಮ್ಮಗಳ ಲಂಗ ಕೂತಿದೆ. ಕಾಜಾ ಮಾತ್ರ ಬಾಕಿ. ಕರೆಂಟ್ ಬರಲಿ, ಕಣ್ಣು ಕಾಣುವುದಿಲ್ಲ.